ಕಂಬದಿಂದ ದೂರ ನಿಂತು ನೋಡು

ಶಿರಸಿ

ಚಿರಂಜೀವಿ ಪ್ರಸನ್ನನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ತೆಗೆದ ಕಾರವಾರದ ಬೀದಿದೀಪಗಳ ಫೋಟೊಗಳನ್ನು ನಿನ್ನ ಅಪ್ಪ ಕಳುಹಿಸಿದ್ದ. ಕಂಬ, ತಂತಿಗಳ ನಡುವೆಯೇ ನೌಕರಿ ಮುಗಿಸಿದ ನನಗೆ, ಸೋಡಿಯಂ ದೀಪಗಳು ಹೋಗಿ ಎಲ್‌ಇಡಿ ಬರುತ್ತಿರುವ ಈ ಹೊತ್ತಿನಲ್ಲಿ ನಮ್ಮ ಮನೆಯ ಹುಡುಗನೊಬ್ಬ ಹಳೆಯ ದೀಪಗಳನ್ನು ಹುಡುಕಿ ದಾಖಲಿಸುತ್ತಿರುವುದು ನಿಜವಾಗಿಯೂ ಸಂತೋಷ ತಂದಿದೆ. ಆದರೆ ಅವುಗಳಲ್ಲಿ ಕೆಲವು ಕಂಬಕ್ಕೆ ಒರಗಿ ನಿಂತು ತೆಗೆದ ಚಿತ್ರಗಳೆಂದು ನೋಡಿದ ಕೂಡಲೇ ತಿಳಿಯಿತು. ಆದ್ದರಿಂದ ಈ ಪತ್ರ.

ಕಬ್ಬಿಣದ ಕಂಬವನ್ನಾಗಲಿ, ಅದು ವಾಲದಂತೆ ನೆಲಕ್ಕೆ ಎಳೆದು ಕಟ್ಟಿದ ಸ್ಟೇ ತಂತಿಯನ್ನಾಗಲಿ, ಮಳೆಗಾಲದಲ್ಲಂತೂ, ಯಾವ ಕಾರಣಕ್ಕೂ ಮುಟ್ಟಬೇಡ. ಕರಾವಳಿಯ ಉಪ್ಪುಗಾಳಿಗೆ ಕಂಬದ ಬುಡ, ಫ್ಯೂಸ್ ಪೆಟ್ಟಿಗೆ, ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ತಂತಿಯ ಜೋಡಣೆ ಎಲ್ಲವೂ ಬೇಗ ತುಕ್ಕು ಹಿಡಿಯುತ್ತವೆ. ಒಳಗಿನ ವೈರಿನ ಹೊದಿಕೆ ಸವೆದು 230 ವೋಲ್ಟ್ ಕಂಬಕ್ಕೆ ಇಳಿದಾಗ ಅರ್ಥಿಂಗ್ ಸರಿಯಿಲ್ಲದಿದ್ದರೆ ಫ್ಯೂಸ್ ಹೋಗುವುದಿಲ್ಲ. ಮೇಲೆ ದೀಪ ಎಂದಿನಂತೆ ಉರಿಯುತ್ತಲೇ ಇರುತ್ತದೆ, ಕೆಳಗೆ ಮುಟ್ಟಿದವನ ಜೀವ ಹೋಗುತ್ತದೆ. ಬುಡದಲ್ಲಿ ನೀರು ನಿಂತಿದ್ದರೆ ಅದರಲ್ಲಿ ಕಾಲಿಡಬೇಡ. ತಂತಿ ಹರಿದು ಬಿದ್ದದ್ದು ಕಂಡರೆ, ಎರಡು ಪಾದಗಳ ನಡುವಿನ ಅಂತರದಲ್ಲಿಯೇ ವಿದ್ಯುತ್ ಹರಿಯಬಲ್ಲದಾದ್ದರಿಂದ, ದೊಡ್ಡ ಹೆಜ್ಜೆ ಹಾಕದೆ ಪಾದಗಳನ್ನು ಜೋಡಿಸಿಕೊಂಡು ನೆಲಕ್ಕೆ ಉಜ್ಜುತ್ತ ಹಿಂದೆ ಸರಿದು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡು.

ಇಷ್ಟಕ್ಕೂ ದೀಪದ ಗುಣ ತಿಳಿಯಲು ಹತ್ತಿರ ಹೋಗಬೇಕಾಗಿಯೇ ಇಲ್ಲ. ಮುಸ್ಸಂಜೆ ದೀಪ ಹತ್ತುವ ಹೊತ್ತಿಗೆ ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡು: ಎಲ್‌ಇಡಿ ಒಮ್ಮೆಲೇ ಪೂರ್ತಿ ಬೆಳಗುತ್ತದೆ, ಸೋಡಿಯಂ ದೀಪ ಮೊದಲು ಮಂದವಾಗಿ ಹತ್ತಿ, ಕೆಲವು ನಿಮಿಷಗಳಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ. ಆಯುಸ್ಸು ಮುಗಿಯುತ್ತ ಬಂದ ಸೋಡಿಯಂ ದೀಪವು ತಾನಾಗಿ ಆರಿ, ತಣಿದು, ಮತ್ತೆ ಹತ್ತುತ್ತಿರುತ್ತದೆ. ಹಳೆಯ ಸಿ.ಡಿ.ಯೊಂದರ ಹೊಳೆಯುವ ಬದಿಯಲ್ಲಿ ಬೆಳಕನ್ನು ಹಿಡಿದರೆ ಎಲ್‌ಇಡಿಯ ಬಣ್ಣಗಳು ಒಂದಕ್ಕೊಂದು ಬೆರೆತು ಕಾಣುತ್ತವೆ, ಪಾದರಸದ ದೀಪದ ಬಣ್ಣಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಎಲ್‌ಇಡಿ ಚಿತ್ರದಲ್ಲಿ ಪಟ್ಟೆ ಮೂಡುತ್ತಿದ್ದರೆ ಶಟರ್ ವೇಗವನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಡು. ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ಅದು ಹೊಂದುತ್ತದೆ. ಕೈ ನಡುಗದಿರಲು ಒರಗುವುದಕ್ಕೆ ಕಾಂಪೌಂಡ್ ಗೋಡೆಯಿದೆ, ಕಂಬವೇ ಬೇಕೆಂದಿಲ್ಲ. ಲೋಹದ ಟ್ರೈಪಾಡನ್ನಾಗಲಿ ಸೆಲ್ಫಿ ಕೋಲನ್ನಾಗಲಿ ತಂತಿಗಳ ಕೆಳಗೆ ಎತ್ತಿ ಹಿಡಿಯಬೇಡ.

ಟ್ಯಾಗೋರ್ ಕಡಲತೀರದ ಪಕ್ಕದಲ್ಲಿಯೇ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಅಲ್ಲಿ ಪರದೆ ನೋಡುತ್ತ ಹಿಂದಕ್ಕೆ ಹೆಜ್ಜೆ ಇಡುವುದು ಕಂಬ ಮುಟ್ಟಿದಷ್ಟೇ ಅಪಾಯ. ಪಾದಚಾರಿ ದಾರಿಯಲ್ಲಿ ನಿಂತ ಮೇಲೆಯೇ ಕ್ಯಾಮೆರಾ ತೆಗೆ; ತಿಳಿಬಣ್ಣದ ಅಂಗಿ ಹಾಕಿಕೋ; ವಾಹನಗಳ ಕಡೆಗೆ ಫ್ಲ್ಯಾಶ್ ಹೊಡೆಯಬೇಡ. ಅರಗಾದ ಕದಂಬ ನೌಕಾನೆಲೆಯ ದೀಪಗಳು ಎಷ್ಟೇ ಚೆನ್ನಾಗಿ ಕಂಡರೂ ಅತ್ತ ಕ್ಯಾಮೆರಾ ತಿರುಗಿಸಬಾರದು. ಅದು 1923ರ ಅಧಿಕೃತ ರಹಸ್ಯಗಳ ಕಾಯ್ದೆಯವರೆಗೆ ಹೋಗುವ ವಿಷಯ. ಮನೆಗಳ ಕಿಟಕಿಗಳೂ ಚಿತ್ರದಲ್ಲಿ ಬರದಂತೆ ನೋಡಿಕೋ, ಯಾರಾದರೂ ಕೇಳಿದರೆ ತೆಗೆದದ್ದನ್ನು ಮರೆಮಾಚದೆ ತೋರಿಸು.

ತೆಗೆದೆಸೆದ ಹಳೆಯ ಬಲ್ಬುಗಳನ್ನು ಸಂಗ್ರಹಕ್ಕೆಂದು ಮನೆಗೆ ತರುವ ಆಸೆ ಹುಟ್ಟಬಹುದು. ಒಡೆದರೆ ಪಾದರಸ ಹೊರಬರುತ್ತದೆ, ಮನೆಯಲ್ಲಿ ಸಣ್ಣ ತಂಗಿಯಿದ್ದಾಳೆ. ಅವುಗಳ ಚಿತ್ರವಷ್ಟೇ ಸಾಕು. ಪಾದರಸದ ದೀಪದ ಹೊರಗಾಜು ಒಡೆದಿದ್ದೂ ಒಳಗಿನದು ಉರಿಯುತ್ತಿದ್ದರೆ ಅತಿನೇರಳೆ ಕಿರಣ ಕಣ್ಣಿಗೆ ಹಾನಿ ಮಾಡುತ್ತದೆಯಾದ್ದರಿಂದ ಅದನ್ನು ದಿಟ್ಟಿಸಿ ನೋಡಬೇಡ.

ನಿನ್ನ ಒಂದು ಚಿತ್ರದಲ್ಲಿ ಕಂಬದ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆರೆದೇ ಇದೆ, ಕಂಬದ ಸಂಖ್ಯೆಯೂ ಸ್ಪಷ್ಟವಾಗಿ ಓದಲು ಬರುತ್ತಿದೆ. ಮುಚ್ಚಲು ನೀನು ಹೋಗಬೇಡ. ಆ ಸಂಖ್ಯೆಯನ್ನು ಹೇಳಿ ಇವತ್ತೇ ದೂರು ದಾಖಲಿಸಿ, ಏನಾಯಿತೆಂದು ನನಗೆ ತಿಳಿಸು.

ಇಂತಿ ನಿನ್ನ ದೊಡ್ಡಪ್ಪ