ತೋಟದ ಪುಸ್ತಕ ಕೊಳ್ಳುವ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರಿಯ ಸುಧಾಕರ,

ಬೆಂಗಳೂರು ಬಿಟ್ಟು ಉಡುಪಿ ಹತ್ತಿರದ ಬ್ರಹ್ಮಾವರದ ಮನೆಗೆ ಬಂದದ್ದು ಒಳ್ಳೆಯದಾಯಿತು. ಅಂಗಳದಲ್ಲಿ ಏನಾದರೂ ಬೆಳೆಸಬೇಕು, ಒಂದು ಒಳ್ಳೆಯ ಪುಸ್ತಕ ಹೇಳು ಅಂದಿದ್ದಿ. ಒಂದರಲ್ಲಿ ಮುಗಿಯುವುದಿಲ್ಲ ಮಾರಾಯ, ಎರಡು ಬೇಕು. ಚಿತ್ರ ನೋಡಿ ಅಂಗಳ ಹೇಗಿರಬೇಕೆಂದು ಯೋಚಿಸಲಿಕ್ಕೆ ಒಂದು, ಸುಣ್ಣ ಎಷ್ಟು ಗೊಬ್ಬರ ಎಷ್ಟು ಎಂದು ನೋಡಲಿಕ್ಕೆ ಇನ್ನೊಂದು. ಎರಡನ್ನೂ ಒಟ್ಟಿಗೆ ಕೊಡುತ್ತೇವೆನ್ನುವ ದಪ್ಪ ಪುಸ್ತಕಗಳಲ್ಲಿ ಚಿತ್ರವೇನೋ ಚಂದ ಇರುತ್ತದೆ, ಸಲಹೆ ಮಾತ್ರ ಯಾವ ಊರಿಗೂ ಸಲ್ಲದಷ್ಟು ತೆಳ್ಳಗಿರುತ್ತದೆ.

ಸಲಹೆಯ ಪುಸ್ತಕದ ವಿಷಯ ಮೊದಲು ಹೇಳುತ್ತೇನೆ, ದುಡ್ಡು ಹಾಳಾಗುವುದು ಅಲ್ಲೇ. ಪುಸ್ತಕ ಕೈಗೆ ಬಂದ ಕೂಡಲೇ ಅದನ್ನು ಯಾವ ಊರಿನ ಮಳೆ ನೋಡಿ ಬರೆದಿದ್ದಾರೆ ಎಂದು ಹುಡುಕು. ಬೆಂಗಳೂರಿಗೆ ವರ್ಷಕ್ಕೆ 1000 ಮಿ.ಮೀ. ಒಳಗೆ ಹೊರಗೆ ಮಳೆ. ಉಡುಪಿ, ಮಂಗಳೂರಿಗೆ 4000 ಮಿ.ಮೀ. ಆಸುಪಾಸು, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅಂದರೆ ನಾಲ್ಕು ತಿಂಗಳು ಬುಡದಿಂದ ನೀರು ಹೊರಗೆ ಕಳಿಸುವುದೇ ಕೆಲಸ, ಫೆಬ್ರವರಿಯಿಂದ ಮೇವರೆಗೆ ನೀರು ಹೊತ್ತು ಹಾಕುವುದೇ ಕೆಲಸ. ಈ ಎರಡನ್ನೂ ಹೇಳುವ ಪುಸ್ತಕ ಕಡಿಮೆ. ಅಮೆರಿಕದ ಪುಸ್ತಕಗಳಲ್ಲಿ ಪ್ರತಿ ಗಿಡದ ಪಕ್ಕ 1ರಿಂದ 13ರವರೆಗೆ ಒಂದು ವಲಯ ಸಂಖ್ಯೆ ಇರುತ್ತದೆ. ಅದು ಚಳಿಗಾಲದಲ್ಲಿ ಉಷ್ಣತೆ ಎಷ್ಟು ಕೆಳಗಿಳಿಯುತ್ತದೆ ಎನ್ನುವ ಲೆಕ್ಕ ಮಾತ್ರ. ನಮ್ಮಲ್ಲಿ ಗಿಡ ಸಾಯುವುದು ಚಳಿಗಲ್ಲ, ಆಟಿ ತಿಂಗಳ (ಜುಲೈ, ಆಗಸ್ಟಿನ) ಮಳೆಗೆ ಬೇರು ಕೊಳೆತು. ಆ ಸಂಖ್ಯೆ ನೋಡಿ ಗಿಡ ತರಬೇಡ.

ತಿಂಗಳ ಹೆಸರನ್ನೂ ನಂಬಬೇಡ. ದಿಲ್ಲಿ ಕಡೆಗೆ ಬರೆದ ಪುಸ್ತಕ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಪ್ಯಾನ್ಸಿ, ಸ್ವೀಟ್ ಪೀ ಬಿತ್ತು ಅನ್ನುತ್ತದೆ. ಆ ಚಳಿ ಇಲ್ಲಿ ಬರುವುದೇ ಇಲ್ಲ. ಮಲ್ಲಿಗೆಯನ್ನು ನವೆಂಬರ್ ಕೊನೆಗೆ ಸವರು ಎನ್ನುವುದು ತಮಿಳುನಾಡಿನ ಸಲಹೆ, ಅಲ್ಲಿಯ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ಗೆ. ಉಡುಪಿ ಮಲ್ಲಿಗೆಗೆ ಇಲ್ಲೇ ಹತ್ತಿರದ ಶಂಕರಪುರದ ಬೆಳೆಗಾರರ ಲೆಕ್ಕವೇ ಬೇರೆ. ಅದಕ್ಕೆ ಪುಸ್ತಕ ಬೇಡ, ಅವರನ್ನೇ ಕೇಳು. ನಿನ್ನ ಪಂಚಾಂಗ ಸುಲಭ: ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ಆಚರಣೆಯ ದಿನ) ಕಳೆದು ಮೊದಲ ಮಳೆ ಬಿದ್ದಾಗ ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆ, ಮಳೆ ಬಿಟ್ಟ ಮೇಲೆ ಹರಿವೆ, ಬಸಳೆ, ಬದನೆ.

ಅಂಗಡಿಯಲ್ಲಿ ನಿಂತು ಪುಸ್ತಕ ಪರೀಕ್ಷಿಸುವ ದಾರಿ ಒಂದಿದೆ. ಮುನ್ನುಡಿ ಓದಬೇಡ, ಬದನೆಯ ಪುಟ ತೆರೆ. ಕಾಯಿಕೊರಕ ಹುಳದ ಬಗ್ಗೆ ಎಲ್ಲ ಪುಸ್ತಕವೂ ಬರೆಯುತ್ತದೆ, ಅದು ಲೆಕ್ಕಕ್ಕಿಲ್ಲ. ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಬಗ್ಗೆ ಏನಿದೆ ನೋಡು. ನಮ್ಮ ಹುಳಿ ಮುರಮಣ್ಣು, ಬಿಸಿ, ತೇವ, ಮೂರೂ ಅದಕ್ಕೆ ಅನುಕೂಲ. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಮಧ್ಯಾಹ್ನ ಹಸಿರಾಗಿಯೇ ಬಾಡುತ್ತದೆ, ನೀರು ಹಾಕಿದರೂ ಏಳುವುದಿಲ್ಲ. ಒಳ್ಳೆಯ ಪುಸ್ತಕ ಅಲ್ಲಿ ಒಂದು ಪರೀಕ್ಷೆ ಕೊಟ್ಟಿರುತ್ತದೆ: ಬಾಡಿದ ಗಿಡದ ಬುಡದ ಕಾಂಡ ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡು. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿದರೆ ದುಂಡಾಣು, ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ದುಂಡಾಣು ಎಂದಾದರೆ ಶಿಲೀಂಧ್ರನಾಶಕ ಹೊಡೆದು ಪ್ರಯೋಜನವಿಲ್ಲ. ಗಿಡ ಬೇರುಸಹಿತ ಕಿತ್ತು ಸುಡಬೇಕು, ಆ ಜಾಗದಲ್ಲಿ ಬದನೆ, ಟೊಮೆಟೊ, ಮೆಣಸು ಮೂರನ್ನೂ ಕೆಲವು ವರ್ಷ ಹಾಕಬಾರದು. ಸುಣ್ಣ ಹಾಕಿ ಮಣ್ಣಿನ ಹುಳಿ ಇಳಿಸಬೇಕು, ಇಲ್ಲವೇ ಕುದನೆ (ಕಾಡು ಬದನೆಯ ಜಾತಿ) ಗಿಡದ ಬುಡಕ್ಕೆ ಬದನೆ ಕಸಿ ಕಟ್ಟಬೇಕು. ಇಷ್ಟರಲ್ಲಿ ಅರ್ಧವಾದರೂ ಆ ಪುಟದಲ್ಲಿದ್ದರೆ ಪುಸ್ತಕ ತಗೊ. 'ಚೆನ್ನಾಗಿ ಬಿಸಿಲು, ಸಾಕಷ್ಟು ನೀರು, ಒಳ್ಳೆಯ ಗೊಬ್ಬರ' ಅಂತಿದ್ದರೆ ಇಟ್ಟು ಬಾ. ನಮ್ಮ ಉಡುಪಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳಕ್ಕೆ 2011ರಲ್ಲೇ ಭೌಗೋಳಿಕ ಮಾನ್ಯತೆ (ಜಿಐ) ಸಿಕ್ಕಿದೆ, ಆದರೂ ಅದನ್ನು ಹತ್ತು ಬಗೆಯ ಬದನೆಯಲ್ಲಿ ಒಂದಾಗಿ ಕೂಡ ಹೆಸರಿಸದ ಪುಸ್ತಕಗಳೇ ಹೆಚ್ಚು.

ಎರಡನೆಯದಾಗಿ, ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪುಟ. ಅಡಿಕೆ ತೋಟದವರಿಗೆ ಇದು ಬಾಯಿಪಾಠ. ಪುಸ್ತಕ ಬರೆದವರು ಒಮ್ಮೆಯಾದರೂ ಕೈಯಾರೆ ಮಾಡಿದ್ದಾರೋ ಎಂದು ಅಲ್ಲಿ ತಿಳಿಯುತ್ತದೆ. ಶೇಕಡಾ 1ರ ದ್ರಾವಣ ಅಂದರೆ 100 ಲೀಟರಿಗೆ 1 ಕಿಲೊ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ. ಮನೆಗೆ 1 ಲೀಟರ್ ಸಾಕಾದರೆ 10 ಗ್ರಾಂ ತುತ್ತು ಅರ್ಧ ಲೀಟರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ. ಪಾತ್ರೆ ಪ್ಲಾಸ್ಟಿಕ್ ಇಲ್ಲವೇ ಮಣ್ಣಿನದು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಿಗೆ ಅಲ್ಲ. ಆಮೇಲೆ ಉಜ್ಜಿ ತೊಳೆದ ಕಬ್ಬಿಣದ ಚೂರಿ ಒಂದು ನಿಮಿಷ ಅದ್ದಿ ತೆಗೆ. ಅಲಗಿಗೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಹಳೆಯ, ಗಾಳಿಗೆ ಬಿಟ್ಟ ಸುಣ್ಣದಲ್ಲಿ ಹೀಗಾಗುವುದು ಹೆಚ್ಚು. ಮಾಡಿದ ದಿನವೇ ಮುಗಿಸಬೇಕು. ಈ ಚೂರಿ ಪರೀಕ್ಷೆ ಬಿಟ್ಟು ಬರೀ ಅಳತೆ ಕೊಟ್ಟಿದ್ದರೆ ಬರೆದದ್ದು ಇನ್ನೊಂದು ಪುಸ್ತಕ ನೋಡಿ ಎಂದೇ ತಿಳಿ. ಬಸಳೆ, ಹರಿವೆಯಂಥ ತಿನ್ನುವ ಸೊಪ್ಪಿಗೆ ಮಾತ್ರ ಇದನ್ನು ಹೊಡೆಯಬೇಡ.

ಅಳತೆಯಲ್ಲಿ ಇನ್ನೊಂದು ತೊಡಕಿದೆ. ವಿಶ್ವವಿದ್ಯಾಲಯದ ಕೈಪಿಡಿಗಳಲ್ಲಿ ಎಲ್ಲವೂ ಹೆಕ್ಟೇರಿಗೆ. 'ಹಟ್ಟಿಗೊಬ್ಬರ 25 ಟನ್' ಅಂತ ನೋಡಿ ಹೆದರಬೇಡ. ಒಂದು ಹೆಕ್ಟೇರ್ ಅಂದರೆ 247 ಸೆಂಟ್ಸ್, ಹಾಗಾಗಿ ಸೆಂಟ್ಸಿಗೆ ಸುಮಾರು 100 ಕಿಲೊ, ಚದರ ಮೀಟರಿಗೆ ಎರಡೂವರೆ ಕಿಲೊ. ಸುಣ್ಣ ಈ ಮಣ್ಣಿಗೆ ಚದರ ಮೀಟರಿಗೆ 50ರಿಂದ 100 ಗ್ರಾಂ, ನೆಡುವ ಹತ್ತು ಹದಿನೈದು ದಿನ ಮೊದಲು. ಹಟ್ಟಿಗೊಬ್ಬರ, ಯೂರಿಯಾ ಜೊತೆ ಒಂದೇ ದಿನ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಈ ನೆಲದ ಲೆಕ್ಕವನ್ನು ಚಟ್ಟಿಗೆ (ಗಿಡದ ಕುಂಡಕ್ಕೆ) ಇಳಿಸಲಿಕ್ಕೆ ಹೋಗಬೇಡ. ಚಟ್ಟಿಗೆ ಲೆಕ್ಕ ಪಾಲಿನಲ್ಲಿ.

ಚಟ್ಟಿಯ ಮಣ್ಣಿನ ವಿಷಯದಲ್ಲಿ ಆಮದು ಪುಸ್ತಕ ಪೂರ್ತಿ ಕೈಕೊಡುತ್ತದೆ. ಅವರು ಹೇಳುವುದು ನೀರು ಹಿಡಿದಿಡುವ ಮಿಶ್ರಣ. ಪೀಟ್ ಬದಲು ತೆಂಗಿನ ನಾರಿನ ಪುಡಿ ತುಂಬಿಸಿದರೆ ಜುಲೈಯಲ್ಲಿ ಬೇರು ನೀರಲ್ಲೇ ನಿಂತಿರುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹುಡಿ ಗೊಬ್ಬರ, ಒಂದು ಪಾಲು ಹೊಳೆ ಮರಳು ಇಲ್ಲವೇ ಜಜ್ಜಿದ ಹೆಂಚಿನ ಚೂರು. ಕಡಲ ಮರಳು ಬೇಡ, ಉಪ್ಪು ಮತ್ತು ಚಿಪ್ಪು ಎರಡೂ ಇರುತ್ತದೆ. ನಾರಿನ ಪುಡಿ ಹಾಕುವುದೇ ಆದರೆ ಎರಡು ಮೂರು ನೀರಲ್ಲಿ ತೊಳೆದು ಹಿಂಡು; ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯದ್ದಾದರೆ ಎಲೆಯ ಅಂಚು ಕಂದುತ್ತದೆ. ಮಳೆಗಾಲದಲ್ಲಿ ಚಟ್ಟಿಯ ಕೆಳಗಿನ ತಟ್ಟೆ ತೆಗೆದು, ಮೂರು ಹೆಂಚಿನ ತುಂಡಿನ ಮೇಲೆ ಚಟ್ಟಿ ಎತ್ತಿಡು.

ಹಳೆ ಪುಸ್ತಕ ಕೊಂಡರೆ ಇಸವಿ ನೋಡು. ಮಣ್ಣು, ಕಸಿ, ಪಾತಿಯ ವಿಷಯದಲ್ಲಿ ಹಳೆಯವೇ ಎಷ್ಟೋ ಸಲ ಚೆಂದ. ಔಷಧದ ಅಧ್ಯಾಯ ಮಾತ್ರ ಹೊಲಿದು ಮುಚ್ಚಬೇಕು. ಎಂಡೋಸಲ್ಫಾನ್ ಕೀಟನಾಶಕವನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ, ಅದೂ ನಮ್ಮ ಪಕ್ಕದ ಕಾಸರಗೋಡಿನ ಗೇರುತೋಟಗಳ ಕತೆ ಆದ ಮೇಲೆ. ಬಾಳೆಯ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಎಂಬ ಕೀಟನಾಶಕದ ಹರಳು 2020ರ ಕೊನೆಗೆ ನಿಂತಿತು. ಇವನ್ನು ಸಲಹೆ ಮಾಡುವ ಪುಸ್ತಕ ತಪ್ಪಲ್ಲ, ಹಳೆಯದು ಅಷ್ಟೆ.

ಇನ್ನು ಚಿತ್ರದ ಪುಸ್ತಕ. ಇಲ್ಲಿ ಊರಿನ ಕಟ್ಟುಪಾಡು ಬೇಡ, ಹೂವಿನ ಮೇಲೆ ಕಣ್ಣು ಹಾಕದಿದ್ದರೆ ಸಾಕು. ಟ್ಯುಲಿಪ್ ಗಡ್ಡೆಗೆ 12ರಿಂದ 16 ವಾರ ಚಳಿ ಬೇಕು, ಲ್ಯಾವೆಂಡರಿಗೆ ಒಣ ಗಾಳಿ ಬೇಕು. ಚಿತ್ರದಿಂದ ತೆಗೆದುಕೊಳ್ಳಬೇಕಾದದ್ದು ಎತ್ತರದ ಮೆಟ್ಟಿಲು, ಎಲೆಯ ಅಗಲ, ದಾರಿಯ ತಿರುವು, ಖಾಲಿ ಬಿಟ್ಟ ಜಾಗ. ಒಂದು ಉಪಾಯ: ಇಷ್ಟವಾದ ಪುಟವನ್ನು ಫೋನಿನಲ್ಲಿ ತೆಗೆದು ಕಪ್ಪು ಬಿಳುಪು ಮಾಡಿ ನೋಡು. ಬಣ್ಣ ಹೋದ ಮೇಲೂ ಚಂದ ಕಂಡರೆ ಆ ತೋಟದ ಕಟ್ಟು ಗಟ್ಟಿ, ನಿನ್ನ ಅಂಗಳಕ್ಕೂ ಕೂರುತ್ತದೆ. ಬರೀ ಬೂದು ಮುದ್ದೆಯಾದರೆ ಅದು ಎರಡು ವಾರದ ಹೂವಿನ ಚಂದ. ಆಮೇಲೆ ನಮ್ಮ ಗಿಡ ಕೂರಿಸು: ಕತ್ತರಿಸಿದ ಬಾಕ್ಸ್‌ವುಡ್ ಬೇಲಿಗೆ ಕೇಪಳ (ಇಕ್ಸೋರಾ), ನೆರಳಿನ ಅಗಲ ಎಲೆಗೆ ಕೆಸುವಿನ ಜಾತಿ ಅಥವಾ ಕ್ಯಾಲೇಡಿಯಂ, ನೇರಳೆ ಕಡ್ಡಿಹೂವಿಗೆ ಆಂಜೆಲೋನಿಯಾ.

ಫೋಟೊದ ನೆರಳನ್ನೂ ನೋಡು. ಇಂಗ್ಲೆಂಡಿನ ಬಿಸಿಲು ಓರೆ, ಮೃದು. ಅಲ್ಲಿ ಪೂರ್ತಿ ಬಿಸಿಲಿನಲ್ಲಿ ನಿಂತ ಗಿಡ ಇಲ್ಲಿ ಏಪ್ರಿಲ್‌ನಲ್ಲಿ ಮಧ್ಯಾಹ್ನದ ನೆರಳು ಕೇಳುತ್ತದೆ. ಪಕ್ಕದಲ್ಲಿ ಬೆಂಚು, ಬಾಗಿಲು ಏನಾದರೂ ಇದ್ದರೆ ಗಿಡದ ಎತ್ತರ ಅಂದಾಜು ಸಿಗುತ್ತದೆ. ಚಿತ್ರದ ಕೆಳಗೆ ಗಿಡದ ಶಾಸ್ತ್ರೀಯ ಹೆಸರು ಇಲ್ಲದ ಪುಸ್ತಕಕ್ಕೆ ಅರ್ಧ ಬೆಲೆಯೂ ಜಾಸ್ತಿ, ನರ್ಸರಿಯಲ್ಲಿ ಏನೆಂದು ಕೇಳುತ್ತಿ?

ನಮಗೆ ಹತ್ತಿರದ ಚಿತ್ರ ಬೇಕಾದರೆ ಯುರೋಪ್ ಬಿಟ್ಟು ಶ್ರೀಲಂಕಾ ನೋಡು. ವಾಸ್ತುಶಿಲ್ಪಿ ಜೆಫ್ರಿ ಬಾವಾ 1940ರ ದಶಕದ ಕೊನೆಯಿಂದ ಬೆಂತೋಟದ ಹತ್ತಿರ ಕಟ್ಟುತ್ತ ಹೋದ ಲುನುಗಂಗಾ ತೋಟದ ಚಿತ್ರಗಳಲ್ಲಿ ಹೂ ಹುಡುಕಬೇಕು. ಇರುವುದೆಲ್ಲ ಹಸಿರು, ನೆರಳು, ನೀರು, ಪಾಚಿ ಹಿಡಿದ ಗೋಡೆ. ಪಾಚಿಯನ್ನು ತಿಕ್ಕಿ ತೆಗೆಯದೆ ಬಿಟ್ಟದ್ದೇ ಅಲ್ಲಿಯ ಅರ್ಧ ಚಂದ, ನಮ್ಮ ಮುರಕಲ್ಲಿನ ಪಾಗಾರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬ್ರೆಜಿಲ್‌ನ ತೋಟ ವಿನ್ಯಾಸಕ ರಾಬರ್ಟೊ ಬರ್ಲೆ ಮಾರ್ಕ್ಸ್ ಅವರ ತೋಟಗಳೂ ಅಷ್ಟೇ, ಒಂದೇ ಜಾತಿಯ ಗಿಡವನ್ನು ದೊಡ್ಡ ಗುಂಪಾಗಿ ಹಾಕುವ ಧೈರ್ಯ ಅಲ್ಲಿಂದ ಕಲಿಯಬಹುದು. ನಮ್ಮವರು ನರ್ಸರಿಗೆ ಹೋದರೆ ಒಂದೊಂದು ಜಾತಿಯ ಒಂದೊಂದು ತರುತ್ತಾರೆ, ಅಂಗಳ ಸಂತೆ ಆಗುತ್ತದೆ.

ಕನ್ನಡದಲ್ಲಿ ಹೊಳೆಯುವ ಚಿತ್ರದ ಪುಸ್ತಕ ಕಡಿಮೆ, ಕೆಲಸಕ್ಕೆ ಬರುವ ತೆಳು ಕೈಪಿಡಿ ಬೇಕಾದಷ್ಟು. ಪುತ್ತೂರಿನ 'ಅಡಿಕೆ ಪತ್ರಿಕೆ' 1988ರಿಂದ ಬರುತ್ತಿದೆ. ಹಳೆ ಸಂಚಿಕೆ ಸಿಕ್ಕಿದರೆ ಬಿಡಬೇಡ, ಅಲ್ಲಿ ಬರೆಯುವವರು ಕೃಷಿಕರೇ. ಆರ್ಟ್ ಪೇಪರಿನ ಪುಸ್ತಕವನ್ನು ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನಲ್ಲಿಟ್ಟರೆ ಪುಟಗಳು ಒಂದಕ್ಕೊಂದು ಅಂಟಿ ಚಿತ್ರ ಕಿತ್ತು ಬರುತ್ತದೆ, ನೆನಪಿರಲಿ.

ಕೃಷಿ ವಿಜ್ಞಾನ ಕೇಂದ್ರ ನಿನ್ನ ಬ್ರಹ್ಮಾವರದಲ್ಲೇ ಇದೆ. ಪುಸ್ತಕ ಬರುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿಬಿಡು. ಗೊಬ್ಬರ, ಸುಣ್ಣ ಹಾಕುವ ಮುಂಚೆ ಅಂಗಳದ ಐದಾರು ಕಡೆ ಅರ್ಧ ಅಡಿ ಆಳದ ಗುಂಡಿ ತೆಗೆದು, ಮೇಲಿಂದ ಕೆಳಗಿನವರೆಗೆ ಗುಂಡಿಯ ಬದಿ ಕೆರೆದು ಮಣ್ಣು ತೆಗೆ. ಎಲ್ಲ ಬೆರೆಸಿ, ಕಲ್ಲು ಬೇರು ಹೆಕ್ಕಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೊ ಕೊಟ್ಟರೆ ಸಾಕು. ಚೀಟಿಯಲ್ಲಿ ಬಂದ ಪಿಎಚ್ (ಮಣ್ಣಿನ ಹುಳಿಯ ಅಳತೆ) ಸಂಖ್ಯೆ ನನಗೆ ಬರೆ, ಸುಣ್ಣ 50 ಗ್ರಾಮೋ 100 ಗ್ರಾಮೋ ಎಂದು ಆಮೇಲೆ ನೋಡುವ.

ಇತಿ ನಿನ್ನ ಗೆಳೆಯ