ಬೆಂಕಿಗೆ ಮೊದಲೇ ನೀರು ಸಿದ್ಧವಿರಲಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಕಾಫಿ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು. ಕೆಂಪು-ಬಿಳಿ ಬಣ್ಣದ ದೈತ್ಯ ವಿಮಾನವೊಂದು ಸರೋವರದ ನೀರಿಗೆ ಹೊಟ್ಟೆ ತಾಗಿಸಿಕೊಂಡು ಓಡುತ್ತದೆ, ಮತ್ತೆ ಮೇಲೆದ್ದು ಹೋಗಿ ಉರಿಯುವ ಕಾಡಿನ ಮೇಲೆ ನೀರು ಸುರಿಯುತ್ತದೆ. ನಮ್ಮ ಕೊಡಗಿನ ಹಾರಂಗಿ ಜಲಾಶಯಕ್ಕೂ ಇಂಥದ್ದೊಂದು ತರಿಸಬೇಕು ಅಂತ ಸುಮಾರು ಜನ ಬರೆದರು. ಆ ವಿಮಾನದ ಕಥೆ ನನಗೆ ಮೊದಲಿನಿಂದ ಇಷ್ಟ, ಅದಕ್ಕೇ ಈ ಪತ್ರ.

ಅದರ ಹೆಸರು ಮಾರ್ಟಿನ್ ಮಾರ್ಸ್. ರೆಕ್ಕೆಯ ಈ ತುದಿಯಿಂದ ಆ ತುದಿಗೆ 200 ಅಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ನೌಕಾಪಡೆಗೆ ಕಟ್ಟಿದ್ದು, ಒಟ್ಟು ಮಾಡಿದ್ದೇ ಏಳು. ಆಮೇಲೆ ಗುಜರಿಗೆ ಹೋಗಬೇಕಿದ್ದ ನಾಲ್ಕನ್ನು 1959ರಲ್ಲಿ ಕೆನಡಾದ ಮರದ ಕಂಪನಿಗಳು ಕೊಂಡು, ವ್ಯಾಂಕೂವರ್ ದ್ವೀಪದ ಸ್ಪ್ರೋಟ್ ಸರೋವರದಲ್ಲಿ ಇಟ್ಟುಕೊಂಡವು. ಡ್ಯಾನ್ ಮೆಕೈವರ್ ಅನ್ನುವ ಪೈಲಟ್ ಹಟ ಹಿಡಿದು ಒಪ್ಪಿಸಿದ್ದು. ಒಂದು 1961ರಲ್ಲಿ ಬಿದ್ದು ಅದರಲ್ಲಿದ್ದ ನಾಲ್ವರೂ ತೀರಿಕೊಂಡರು, ಇನ್ನೊಂದು ಮರುವರ್ಷ ಬಿರುಗಾಳಿಗೆ ಹಾಳಾಯಿತು. ಉಳಿದ ಎರಡೇ ದಶಕಗಟ್ಟಲೆ ದುಡಿದವು. ನೀರಿನ ಮೇಲೆ ಓಡುತ್ತಲೇ ಸೆಕೆಂಡಿಗೆ ಸುಮಾರು ಒಂದು ಟನ್‌ನಂತೆ ನೀರು ಎಳೆದುಕೊಂಡು, ಅರ್ಧ ನಿಮಿಷದಲ್ಲಿ 27,000 ಲೀಟರ್ ತುಂಬಿಕೊಳ್ಳುತ್ತಿದ್ದವು! 2019ರ ಬಂಡೀಪುರದ ಬೆಂಕಿಗೆ ವಾಯುಪಡೆಯ ಹೆಲಿಕಾಪ್ಟರ್ ಬಕೆಟ್ ತೂಗಿಸಿಕೊಂಡು ನೀರು ಹೊತ್ತದ್ದು ನೆನಪಿದೆ ಅಲ್ವಾ, ಆ ಬಕೆಟ್ಟಿಗೆ ಹಿಡಿಯುವುದು ಮೂರೂವರೆ ಸಾವಿರ ಲೀಟರ್ ಅಷ್ಟೇ.

ಆದರೆ ಮಾರ್ಸ್ ನಮಗೆ ಆಗಿಬರುವುದಿಲ್ಲ. ಅದಕ್ಕೆ ಉದ್ದಕ್ಕೆ, ಅಡ್ಡಿಯಿಲ್ಲದ ಆಳದ ನೀರು ಬೇಕು. ನಮ್ಮಲ್ಲಿ ಬೆಂಕಿ ಬೀಳುವುದೇ ಹಾರಂಗಿಯ ನೀರು ಇಳಿಯುವ ಕಾಲದಲ್ಲಿ. ಅಲ್ಲದೆ ಉಳಿದ ಆ ಎರಡೂ ಈಗ ಮ್ಯೂಸಿಯಂ ಸೇರಿವೆ, ಹವಾಯಿ ಮಾರ್ಸ್ 2024ರ ಆಗಸ್ಟ್‌ನಲ್ಲಿ, ಫಿಲಿಪೀನ್ ಮಾರ್ಸ್ 2025ರಲ್ಲಿ.

ನನ್ನ ಮನಸ್ಸಿಗೆ ನಾಟಿದ್ದು ಬೇರೆ ಮಾತು. ಕಾಡಿನಿಂದ ಹೊಟ್ಟೆ ಹೊರೆಯುತ್ತಿದ್ದವರೇ, ಒಬ್ಬರಿಗೊಬ್ಬರು ಪೈಪೋಟಿಯವರಾದರೂ, ಸೇರಿ ದುಡ್ಡು ಹಾಕಿ, ಬೆಂಕಿ ಬೀಳುವ ಮೊದಲೇ ನೀರು ಹೊರುವ ವ್ಯವಸ್ಥೆ ಮಾಡಿ ಇಟ್ಟುಕೊಂಡಿದ್ದರು. ನಾವು ಅದನ್ನು ಮಾಡಿಲ್ಲ.

ನಮ್ಮ ತೋಟ ತಿತಿಮತಿ ಕಡೆ, ಬೇಲಿಯ ಆಚೆ ನಾಗರಹೊಳೆ ಕಾಡು. ಒಂದು ಮಾರ್ಚ್‌ನಲ್ಲಿ ಮಧ್ಯಾಹ್ನ ಲಂಟಾನ ಪೊದೆಗಳಿಗೆ ಬೆಂಕಿ ಬಿತ್ತು. ಒಣ ಬಿದಿರು ಪಟಪಟ ಸಿಡಿಯುವ ಸದ್ದು ತೋಟದ ಕೆಲಸಗಾರರ ಲೈನ್ ಮನೆಯವರೆಗೆ ಕೇಳುತ್ತಿತ್ತು. ಅರಣ್ಯ ಇಲಾಖೆಯ ಬೆಂಕಿ ಕಾಯುವ ಮೂವರು ಹುಡುಗರು ಹಸಿ ಸೊಪ್ಪು ಹಿಡಿದು ಬಡಿಯುತ್ತಿದ್ದರು, ಅವರಲ್ಲಿ ಒಬ್ಬನ ಕಾಲಲ್ಲಿ ಹವಾಯಿ ಚಪ್ಪಲಿ, ಅದರ ಅಂಚು ಕರಗಿ ಸುರುಟಿಕೊಂಡಿತ್ತು. ನಮ್ಮ ಕೆರೆಯಲ್ಲಿ ನೀರಿತ್ತು. ರೋಬಸ್ಟಾ ಕಾಫಿಯ ಹೂವಿಗೆ ನೀರು ಹೊಡೆಯಲು ಇಟ್ಟ ಮೋಟರ್, ಪೈಪು, ನೀರು ಚಿಮ್ಮಿಸುವ ಜೆಟ್ ಎಲ್ಲ ಅಲ್ಲೇ ಇತ್ತು. ಬೇಲಿಯವರೆಗೆ ಪೈಪು ಸಾಲಲಿಲ್ಲ. ಪಕ್ಕದ ತೋಟದಿಂದ ಓಡಿಹೋಗಿ ಹೊತ್ತು ತಂದರೆ ಅವರದು ಮೂರು ಇಂಚು, ನಮ್ಮದು ಎರಡೂವರೆ, ಪೈಪು ಜೋಡಿಸುವ ಕಪ್ಲರ್ ಕೂಡಲಿಲ್ಲ. ರಬ್ಬರ್ ಟ್ಯೂಬ್ ಸುತ್ತಿ ಕಟ್ಟಿ ನೀರು ಬಿಡುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಅಷ್ಟರಲ್ಲಿ ಬೆಂಕಿ ಹಳ್ಳ ದಾಟಿ ಹೋಗಿತ್ತು. ಆ ಮುಕ್ಕಾಲು ಗಂಟೆ ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ಅದಕ್ಕೇ ಕಾಡಂಚಿನ ಬೆಳೆಗಾರರಲ್ಲಿ ಕೇಳಿಕೊಳ್ಳುತ್ತೇನೆ. ಫೆಬ್ರವರಿಯಿಂದ ಒಳ್ಳೆ ಮಳೆ ಬರುವವರೆಗೆ ಊರಿಗೊಂದು ಟ್ರ್ಯಾಕ್ಟರ್, ಅದರ ಮೇಲೆ ತುಂಬಿದ ಟ್ಯಾಂಕು, ಒಂದು ಡೀಸೆಲ್ ಪಂಪು ಹೊರಡಲು ಸಿದ್ಧವಿರಲಿ. ಖರ್ಚು ಎಕರೆ ಲೆಕ್ಕದಲ್ಲಿ ಹಂಚಿಕೊಂಡರೆ ಯಾರಿಗೂ ಜಾಸ್ತಿ ಆಗದು. ಯಾರ ಕೆರೆಯಲ್ಲಿ ಎಷ್ಟು ನೀರಿದೆ, ಯಾರ ಪೈಪು ಎಷ್ಟು ಇಂಚು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರ ಮನೆಯಲ್ಲೂ ಇರಲಿ. ಕಾಡಿನೊಳಗೆ ನುಗ್ಗುವುದು ಬೇಡ, ಇಲಾಖೆಯವರನ್ನು ಕೇಳಿಕೊಂಡು, ಅವರು ತೋರಿಸಿದ ಕಡೆ ನೀರು ಕೊಡೋಣ. ಬೆಂಕಿ ಕಾಯುವ ಹುಡುಗರಿಗೆ ಗಟ್ಟಿ ಬೂಟು ಕೊಡಿಸಬೇಕು, ಸಂಬಳ ತಿಂಗಳು ತಿಂಗಳು ಸಿಗಬೇಕು. ಇದನ್ನು ಸರ್ಕಾರವೇ ಮಾಡಬೇಕು.

ಎರಡೂವರೆಯಿಂದ ಮೂರು ಇಂಚಿಗೆ ಕೂಡಿಸುವ ಜೋಡಣೆ ನಾಲ್ಕು ಮಾಡಿಸಿದ್ದೇನೆ. ಎರಡು ಪಕ್ಕದ ತೋಟಕ್ಕೆ ಕೊಟ್ಟಾಯಿತು, ಎರಡು ನಮ್ಮ ಪಂಪ್ ಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದೆ.

– ಒಬ್ಬ ಕಾಫಿ ಬೆಳೆಗಾರ, ದಕ್ಷಿಣ ಕೊಡಗು