ಮೇಲಿನ ಮನೆ ಅಜ್ಜಿಗೆ, ಟಿವಿ ಮೇಷ್ಟ್ರಿಗೆ, ನಿಮಗೆಲ್ಲ

ಮೊನ್ನೆ ರಿಸಲ್ಟ್ ಬಂತು. ಇಟಾಲಿಯನ್ ಭಾಷೆಯ ಬಿ1, ಅಂದರೆ ಮಧ್ಯಮ ಹಂತದ ಪರೀಕ್ಷೆ ಪಾಸಾಗಿದ್ದೇನೆ. ಇಲ್ಲಿ ಇಟಲಿಯಲ್ಲಿ ಪೌರತ್ವಕ್ಕೆ ಅರ್ಜಿ ಹಾಕಬೇಕಾದರೆ 2018ರ ಕೊನೆಯಿಂದ ಈ ಸರ್ಟಿಫಿಕೇಟ್ ಬೇಕೇ ಬೇಕು. ಟುರಿನ್‌ಗೆ ಬಂದು ಹನ್ನೊಂದು ವರ್ಷವಾಯಿತು. ತರಕಾರಿ ಅಂಗಡಿಯಲ್ಲಿ, ಮಗನ ಶಾಲೆ ಗೇಟಿನ ಹತ್ತಿರ ಹೇಗೋ ಮಾತು ನಡೆಯುತ್ತಿತ್ತು. ಹೋದ ವರ್ಷ ಪರೀಕ್ಷೆಗೆ ಕೂತಾಗ ಮಾತ್ರ, ಕೇಳಿಸಿಕೊಂಡು ಉತ್ತರ ಬರೆಯುವ ಭಾಗದಲ್ಲೇ ಫೇಲಾದೆ. ಆಮೇಲೆ ಮೂರು ತಿಂಗಳು ಪುಸ್ತಕ ಮುಟ್ಟಲಿಲ್ಲ. ಫೋನ್ ಬಂದರೆ ಸುಮ್ನೆ ಗಂಡನ ಕೈಗೆ ಕೊಟ್ಟುಬಿಡುತ್ತಿದ್ದೆ.

ಈಗ ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಒಬ್ಬರು ನಮ್ಮ ಮೇಲಿನ ಮನೆ ಅಜ್ಜಿ. ಇನ್ನೊಬ್ಬರು 1997ರಲ್ಲೇ ತೀರಿಕೊಂಡ ಟಿವಿ ಮೇಷ್ಟ್ರು. ಮೊದಲು ಅವರಿಬ್ಬರ ವಿಷಯ.

ಅಜ್ಜಿ ಇಟಲಿಯ ದಕ್ಷಿಣದ ಬಾಸಿಲಿಕಾತದ ಒಂದು ಬೆಟ್ಟದ ಹಳ್ಳಿಯವರು. ಅಪ್ಪನಿಗೆ ಕಾರ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು ಅಂತ ಹತ್ತನೇ ವಯಸ್ಸಿಗೆ ಟುರಿನ್‌ಗೆ ಬಂದವರು. ನಾನು ಫೇಲಾದ ಸುದ್ದಿ ಮೆಟ್ಟಿಲ ಮೇಲೆ ಸಿಕ್ಕಾಗ ಗೊತ್ತಾಯಿತು ಅವರಿಗೆ. ಪಾಪ ಅನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನಮ್ಮಮ್ಮನಿಗೆ ಒಂದಕ್ಷರ ಬರ್ತಿರಲಿಲ್ಲ. ಓದು ಕಲಿಸಿದ್ದು ಟಿವಿ. ನಾಳೆಯಿಂದ ಸಂಜೆ ಆರೂವರೆಗೆ ಮೇಲೆ ಬಾ," ಅಂದರು.

ಇಟಲಿಯಲ್ಲಿ ಟಿವಿ ಶುರುವಾಗಿದ್ದು 1954ರ ಜನವರಿ 3, ಭಾನುವಾರ. ಮಿಲಾನ್ ಸ್ಟುಡಿಯೋದಿಂದ ಫುಲ್ವಿಯಾ ಕೊಲೊಂಬೊ ಅನ್ನುವ ಯುವತಿ, ಇವತ್ತಿನಿಂದ ರಾಯ್ (ಇಟಲಿಯ ಸರ್ಕಾರಿ ರೇಡಿಯೋ, ಟಿವಿ) ಸಂಸ್ಥೆಯ ಟಿವಿ ಪ್ರಸಾರ ದಿನಾ ಇರುತ್ತದೆ ಅಂತ ಹೇಳಿದರು. ಮೊದಲು ಸಿಗ್ನಲ್ ಸಿಕ್ಕಿದ್ದು ಉತ್ತರದವರಿಗೆ, ಮಧ್ಯ ಇಟಲಿಯವರಿಗೆ. ದಕ್ಷಿಣದ ಬೆಟ್ಟ ಹತ್ತಲು ಇನ್ನೂ ಕೆಲವು ವರ್ಷ ಬೇಕಾಯಿತು. ಬಂದ ಮೇಲೂ ಮನೆಮನೆಗೆ ಎಲ್ಲಿ? ಒಂದು ಸೆಟ್ಟಿಗೆ ಕೂಲಿಯವರ ತಿಂಗಳುಗಟ್ಟಲೆ ಸಂಬಳ ಬೇಕಿತ್ತು. ಊರಿನ ಕಾಫಿ ಬಾರಿನಲ್ಲೋ ಚರ್ಚಿನ ಹಾಲಿನಲ್ಲೋ ಒಂದು ಟಿವಿ. ಜನ ತಮ್ಮ ತಮ್ಮ ಮನೆಯಿಂದ ಕುರ್ಚಿ ಹೊತ್ತುಕೊಂಡು ಬರುತ್ತಿದ್ದರು. ಅಜ್ಜಿಗೆ ಜಾಸ್ತಿ ನೆನಪಿರುವುದು ಆ ಕುರ್ಚಿಗಳೇ. ಕತ್ತಲಾದ ಮೇಲೆ ಓಣಿಯ ತುಂಬ ಕುರ್ಚಿ ಕಾಲುಗಳು ಗೋಡೆಗೆ ತಗುಲುವ ಸದ್ದು ಕೇಳುತ್ತಿತ್ತಂತೆ. ಅಮ್ಮನಿಗೋಸ್ಕರ ಗಿಡ್ಡ ಸ್ಟೂಲ್ ಹೊರುವುದು ಇವರ ಕೆಲಸ.

1955ರ ನವೆಂಬರ್‌ನಲ್ಲಿ ‘ಲಾಶಾ ಓ ರದ್ದೊಪ್ಪಿಯಾ?’ ಅಂತ ಒಂದು ಕ್ವಿಝ್ ಶುರುವಾಯಿತು. ‘ಬಿಡ್ತೀಯೋ, ದುಪ್ಪಟ್ಟು ಮಾಡ್ತೀಯೋ?’ ಅಂತ ಅರ್ಥ. ನಡೆಸಿಕೊಡುತ್ತಿದ್ದವರು ಮೈಕ್ ಬೊಂಜೊರ್ನೊ. ಗೆಲ್ಲುತ್ತಾ ಹೋದರೆ ಹಣ ದುಪ್ಪಟ್ಟಾಗುತ್ತಾ 51,20,000 ಲೀರಾವರೆಗೆ ಹೋಗುತ್ತಿತ್ತು. ಮೊದಲು ಶನಿವಾರ ಇತ್ತು. ಸಿನಿಮಾಕ್ಕೆ ಜನವೇ ಬರ್ತಿಲ್ಲ ಅಂತ ಥಿಯೇಟರಿನವರು ಗಲಾಟೆ ಮಾಡಿದ ಮೇಲೆ ಗುರುವಾರಕ್ಕೆ ಹೋಯಿತು. ಆಗಲೂ ಜನ ಬರಲಿಲ್ಲ. ಕೊನೆಗೆ ಥಿಯೇಟರಿನವರೇ ಒಳಗೆ ಟಿವಿ ತಂದಿಟ್ಟರು. ಕ್ವಿಝ್ ಟೈಮಿಗೆ ಸಿನಿಮಾ ನಿಲ್ಲಿಸಿ, ಮುಗಿದ ಮೇಲೆ ಮತ್ತೆ ಓಡಿಸುತ್ತಿದ್ದರು!

ಅಜ್ಜಿಯ ಅಮ್ಮನಿಗೆ ಇದೆಲ್ಲ ಅರ್ಧಂಬರ್ಧ ಅರ್ಥವಾಗುತ್ತಿತ್ತಂತೆ. ಟಿವಿಯವರು ಆಡುತ್ತಿದ್ದದ್ದು ಇಟಾಲಿಯನ್, ಮನೆಯಲ್ಲಿ ಆಡುತ್ತಿದ್ದದ್ದು ಊರಿನ ಮಾತು. ಆಗ ಇಟಲಿಯ ಬಹುಪಾಲು ಮನೆಗಳ ಕಥೆ ಇದೇ. ದೇಶಕ್ಕೆಲ್ಲ ಒಂದೇ ಇಟಾಲಿಯನ್ ಮಾತಾಡಲು ಕಲಿಸಿದ್ದರಲ್ಲಿ ಟಿವಿಯ ಪಾಲು ದೊಡ್ಡದು ಅಂತ ಭಾಷಾತಜ್ಞ ತುಲ್ಲಿಯೊ ದೆ ಮಾವ್ರೊ ಅವರು ಹೇಳಿದ್ದಾರೆ. ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು ಅನ್ನುತ್ತಾರೆ ಅಜ್ಜಿ. ಅವರ ಮೊಮ್ಮಕ್ಕಳಿಗೆ ಆ ಊರಿನ ಮಾತು ಬರುವುದಿಲ್ಲ. ಮನೆಯಲ್ಲಿ ನನ್ನ ಮಗನ ಜೊತೆ ಕನ್ನಡದಲ್ಲೇ ಮಾತಾಡು ಅಂತ ಗದರುವವರೂ ಇವರೇ.

ಮೇಷ್ಟ್ರು ಬಂದದ್ದು 1960ರ ನವೆಂಬರ್ 15ರಂದು. ಹೆಸರು ಅಲ್ಬೆರ್ತೊ ಮಾನ್ಸಿ. ರಾಯ್ ಮತ್ತು ಶಿಕ್ಷಣ ಸಚಿವಾಲಯ ಸೇರಿ, ಓದು ಬರಹ ಬಾರದ ದೊಡ್ಡವರಿಗೋಸ್ಕರ ಮಾಡಿದ ಕಾರ್ಯಕ್ರಮ ಅದು. ‘ನೋನ್ ಎ ಮಾಯ್ ತ್ರೊಪ್ಪೊ ತಾರ್ದಿ’, ಅಂದರೆ ‘ಯಾವತ್ತೂ ತಡವಾಗಿಲ್ಲ’. ಮಾನ್ಸಿ ಅವರು ಅದಕ್ಕೂ ಮೊದಲು ರೋಮ್‌ನಲ್ಲಿ ಬಾಲಾಪರಾಧಿಗಳ ಜೈಲಿನಲ್ಲಿ ಪಾಠ ಮಾಡಿದವರು. ಟಿವಿಗೆ ಆಯ್ಕೆ ನಡೆಯುವಾಗ ಕೈಗೆ ಕೊಟ್ಟ ಸ್ಕ್ರಿಪ್ಟ್ ಹರಿದುಹಾಕಿ, ದೊಡ್ಡ ಹಾಳೆ ಕೊಡಿ ಅಂದರಂತೆ. ಇದ್ದಿಲಿನಲ್ಲಿ ಬರೆಯುತ್ತಿದ್ದರಿಂದ ಅಂಗಿ ಮಸಿಯಾಗುತ್ತಿತ್ತು. ಅದಕ್ಕೆ ಅಂಗಿ ಖರ್ಚು ಅಂತ ರಾಯ್‌ನವರು ಸ್ವಲ್ಪ ಹಣ ಕೊಡುತ್ತಿದ್ದರಂತೆ. 1968ರವರೆಗೆ ನಡೆದ ಆ ಪಾಠ ನೋಡಿ ಸುಮಾರು 14 ಲಕ್ಷ ಜನ ಪ್ರಾಥಮಿಕ ಶಾಲೆಯ ಸರ್ಟಿಫಿಕೇಟ್ ಪಡೆದರು ಅನ್ನುತ್ತಾರೆ.

ಉಳಿದಿರುವ ಕೆಲವು ಕಂತುಗಳನ್ನು ನಾನೂ ಅಜ್ಜಿಯೂ ಕೂತು ನೋಡಿದೆವು. ಕಪ್ಪು ಬಿಳುಪು. ಮಾನ್ಸಿ ಮೊದಲು ಒಂದು ಗೆರೆ ಎಳೆಯುತ್ತಾರೆ. ಇನ್ನೊಂದು ಎಳೆಯುತ್ತಾರೆ. ಏನು ಬರ್ತಿದೆ ಅಂತ ಗೊತ್ತಾಗುವುದಿಲ್ಲ, ಕಣ್ಣು ತೆಗೆಯುವುದಕ್ಕೂ ಆಗುವುದಿಲ್ಲ. ಇನ್ನೆರಡು ಗೆರೆ ಸೇರಿದ ಮೇಲೆ ಚಿತ್ರ ಕಾಣುತ್ತದೆ. ಆಮೇಲೆ ಅದರ ಹೆಸರು, ಆಮೇಲೆ ಅಕ್ಷರ. ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಹೇಳುತ್ತಾರೆ. ದನಿಯಲ್ಲಿ ಎಲ್ಲೂ ಅವಸರವಿಲ್ಲ. ಮುಂದೆ ಕೂತವರು ದಡ್ಡರು ಅನ್ನುವ ಭಾವನೆಯೂ ಇಲ್ಲ. ಮೊದಲ ಸಂಜೆ ನನಗೆ ಅಳು ಬಂದದ್ದು ಅದಕ್ಕೇ. ಈ ಭಾಷೆಯಲ್ಲಿ ಅಷ್ಟು ತಾಳ್ಮೆಯಿಂದ ಯಾರೂ ನನ್ನ ಜೊತೆ ಮಾತಾಡಿರಲಿಲ್ಲ.

ಅಜ್ಜಿಯದ್ದು ಒಂದೇ ರೂಲ್. ನಿಲ್ಲಿಸುವ ಹಾಗಿಲ್ಲ, ಹಿಂದಕ್ಕೆ ಹೋಗುವ ಹಾಗೂ ಇಲ್ಲ. "ನಮ್ಮಮ್ಮನಿಗೆ ಆ ಬಟನ್ ಇರಲಿಲ್ಲ. ಹೋದ ಮಾತು ಹೋಯ್ತು. ಮುಂದಿನದ್ದು ಹಿಡಿ," ಅನ್ನುತ್ತಿದ್ದರು. ಮುಗಿದ ಮೇಲೆ ಏನು ಕೇಳಿದೆ ಅಂತ ನಾನು ಹೇಳಬೇಕು. ಮೊದಮೊದಲು ನಾಲ್ಕು ಪದ ಹೇಳುತ್ತಿದ್ದೆ. ನಿಧಾನವಾಗಿ ವಾಕ್ಯ ಬಂದವು. ಕಂತುಗಳು ಮುಗಿದ ಮೇಲೆ ‘ಕರೊಸೆಲ್ಲೊ’ ನೋಡಿದೆವು. 1957ರಿಂದ 1977ರವರೆಗೆ ರಾತ್ರಿ ಬರುತ್ತಿದ್ದ ಜಾಹೀರಾತಿನ ಕಾರ್ಯಕ್ರಮ ಅದು. ಮೊದಲು ಪುಟ್ಟ ಕಥೆ, ಸೋಪು ಕಾಫಿಯ ಹೆಸರು ಕೊನೆಗೆ ಮಾತ್ರ. ಅದು ಮುಗಿದರೆ ಮಕ್ಕಳೆಲ್ಲ ಹಾಸಿಗೆಗೆ. ಅಲ್ಲಿ ಎಲ್ಲರೂ ವೇಗವಾಗಿ ಮಾತಾಡುತ್ತಾರೆ. ಅದೂ ಕಿವಿಗೆ ಸಿಗತೊಡಗಿದಾಗ ಅಜ್ಜಿ, ಪರೀಕ್ಷೆಗೆ ಹಣ ಕಟ್ಟು ಅಂದರು.

ಪರೀಕ್ಷೆಯ ಹಿಂದಿನ ದಿನ ಬೀರುವಿನಿಂದ ತಮ್ಮ ಅಮ್ಮನ ನೋಟ್‌ಪುಸ್ತಕ ತೆಗೆದು ತೋರಿಸಿದರು. ಚೌಕುಳಿ ಹಾಳೆ, ಅಂಚೆಲ್ಲ ಹಳದಿ. ಮೊದಲ ಪುಟದ ತುಂಬ ‘ಎಂ’ ಅಕ್ಷರ. ಪೆನ್ಸಿಲ್ ಎಷ್ಟು ಒತ್ತಿದ್ದಾರೆ ಅಂದರೆ ಹಾಳೆ ತಿರುವಿ ಬೆರಳಾಡಿಸಿದರೂ ಗೆರೆ ಸಿಗುತ್ತದೆ. ಕೊನೆಯ ಪುಟದಲ್ಲಿ ಅವರ ಪೂರ್ತಿ ಹೆಸರು. ಅಲ್ಲಿಯವರೆಗೆ ಕಾಗದಪತ್ರಕ್ಕೆಲ್ಲ ಬರೀ ಒಂದು ಕ್ರಾಸ್ ಹಾಕುತ್ತಿದ್ದರಂತೆ. ಪರೀಕ್ಷೆಯ ಹಾಲಿನಲ್ಲಿ ಸ್ಪೀಕರ್ ಶುರುವಾದಾಗ ನನ್ನ ಬೆರಳ ತುದಿಗೆ ಆ ಗೆರೆ ನೆನಪಿತ್ತು.

ಅಜ್ಜಿ, ನಿಮಗೆ ಕನ್ನಡ ಓದಲು ಬರುವುದಿಲ್ಲ. ನಾನೇ ಮೇಲೆ ಬಂದು ಇದನ್ನು ನಿಮ್ಮ ಭಾಷೆಯಲ್ಲಿ ಓದಿ ಹೇಳುತ್ತೇನೆ. ತಪ್ಪಾದ ಕಡೆ ತಿದ್ದಿ. ಮಾನ್ಸಿ ಮೇಷ್ಟ್ರೇ, ನಿಮ್ಮ ಪಾಠ ನಿಂತು ಇಷ್ಟು ವರ್ಷವಾದ ಮೇಲೆ ಕಲಿತ ಶಿಷ್ಯೆಯ ನಮಸ್ಕಾರ.

ಇಲ್ಲಿ ವೆರ್ದಿ ರಸ್ತೆಯಲ್ಲಿ ರಾಯ್‌ನವರ ರೇಡಿಯೋ, ಟಿವಿ ಮ್ಯೂಸಿಯಂ ಇದೆ. ಅಲ್ಲಿ ನನ್ನ ಪ್ರಶ್ನೆಗಳಿಗೆಲ್ಲ ನಿಂತು ಉತ್ತರ ಹೇಳಿದ ಸಿಬ್ಬಂದಿಗೆ ಥ್ಯಾಂಕ್ಸ್. ಶನಿವಾರದ ಪುಕ್ಕಟೆ ಭಾಷಾ ಕ್ಲಾಸಿನ ಟೀಚರ್‌ಗೆ, ಪರೀಕ್ಷೆಯ ದಿನ ಮಗನನ್ನು ನೋಡಿಕೊಂಡ ಇಲ್ಲಿನ ಕನ್ನಡದ ಗೆಳತಿಯರಿಗೆ ಥ್ಯಾಂಕ್ಸ್. ಐದು ತಿಂಗಳು ಸಂಜೆ ಅಡುಗೆ ವಹಿಸಿಕೊಂಡ ಗಂಡನಿಗೆ, ಊರಲ್ಲಿ ದೇವರಿಗೆ ಹರಕೆ ಹೊತ್ತ ಅಮ್ಮನಿಗೆ ಕೂಡ.

ಬರುವ ಭಾನುವಾರ ಸಂಜೆ ಎಲ್ಲರೂ ನಮ್ಮ ಮನೆಗೆ ಬನ್ನಿ. ಹೋಳಿಗೆ ಮಾಡುತ್ತಿದ್ದೇನೆ, ಬಿಸಿಬೇಳೆಭಾತ್ ಕೂಡ ಇರುತ್ತದೆ. ನಮ್ಮಲ್ಲಿರುವುದು ಆರೇ ಕುರ್ಚಿ. ಅಕ್ಕಪಕ್ಕದವರು ನಿಮ್ಮ ನಿಮ್ಮ ಕುರ್ಚಿ ಹೊತ್ತು ತನ್ನಿ. ಅಜ್ಜಿ ತಮ್ಮದನ್ನು ಆಗಲೇ ಬಾಗಿಲ ಹತ್ತಿರ ತಂದಿಟ್ಟಿದ್ದಾರೆ.